ಎಡಗಿವಿಯ ಆಣೆ

ಬಚ್ಚಲದಲ್ಲಿ ಜಾರಿ ಬಿದ್ದ ಹೆಂಗಸರಿಗೆಲ್ಲ ಎಡಗಿವಿಯ ಪೊರೆಯೇ ಯಾಕೆ ಹರಿಯುತ್ತದೆ, ನೀವೇ ಹೇಳಿ. ಸಿಂದಗಿಯ ಈ ಕಿವಿ ದವಾಖಾನೆಯಲ್ಲಿ ನಾನು ನರ್ಸಾಗಿ ಇಪ್ಪತ್ತೆರಡು ವರ್ಷವಾಯಿತು. ಇಂಡಿಯಿಂದ ಬರುತ್ತಾರೆ, ಮುದ್ದೇಬಿಹಾಳದಿಂದ ಬರುತ್ತಾರೆ, ಬಾಗೇವಾಡಿಯಿಂದ ಬರುತ್ತಾರೆ. ಊರು ಬೇರೆ, ಬಚ್ಚಲ ಬೇರೆ, ಜಾತಿ ಬೇರೆ. ನಮ್ಮವರೂ ಬರುತ್ತಾರೆ, ಸುಳ್ಳು ಯಾಕೆ ಹೇಳಲಿ. ಕಿವಿ ಮಾತ್ರ ಎಡಗಡೆಯದೇ. ಎದುರು ನಿಂತು ಹೊಡೆಯುವವನ ಬಲಗೈ ಬಂದು ಬೀಳುವುದು ಅಲ್ಲಿಗೆ. ಇದನ್ನು ತಿಳಿಯಲು ಡಾಕ್ಟರಿಕೆ ಓದಬೇಕಿಲ್ಲ.

ನನ್ನ ಹೆಸರು ಅಬಿದಾ. ಬಾಯಿ ಜೋರು ಎಂದು ಹೆಸರು ಮಾಡಿದವಳು. ಕಿವಿಯಲ್ಲಿ ಬೆಳ್ಳುಳ್ಳಿ ಎಣ್ಣೆ ಸುರಿದುಕೊಂಡು ಬಂದವರಿಗೆ, ಕಡ್ಡಿಪೆಟ್ಟಿಗೆಯ ಕಡ್ಡಿ ಆಡಿಸಿಕೊಂಡು ಬಂದವರಿಗೆ, ಅವರು ಸಾವುಕಾರರಿರಲಿ ಪೊಲೀಸರಿರಲಿ, ಮುಖದ ಮೇಲೆಯೇ ಬೈಯುತ್ತೇನೆ. ಬೈಸಿಕೊಂಡವರು ನಗುತ್ತ ಹೋಗಿ, ಮುಂದಿನ ಸಲ ಒಂದು ಚೀಲ ಹಸಿಕಡಲೆ ತಂದು ಕೊಡುತ್ತಾರೆ. ಇಷ್ಟು ಬಾಯಿ ಇದ್ದವಳು ಒಂದು ದಿನ, ಬಹಳ ಜಾಣತನ ಮಾಡಿದೆ ಎಂದುಕೊಂಡು ಒಂದು ಮಾತು ಆಡಿದೆ. ಆ ಮಾತು ಏನಾಯಿತು ಎಂದು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಈಗ ಹೇಳುತ್ತೇನೆ.

ಶಿವಾನಿ ಮೊದಲ ಸಲ ಬಂದದ್ದು ಎರಡು ವರ್ಷದ ಹಿಂದೆ. ಆಲಮೇಲದ ಆಚೆ, ಭೀಮಾ ನದಿ ದಂಡೆಯ ಊರಿನವಳು. ಇಪ್ಪತ್ತೆರಡರ ಹುಡುಗಿ, ಹಸಿರು ಸೀರೆ, ತಲೆ ತುಂಬ ಸೆರಗು. ಜೊತೆಗೆ ತಾಯಿ ಗುಂಡವ್ವ, ಹಣೆ ತುಂಬ ವಿಭೂತಿ. ಮಗಳು ಸ್ಟೂಲಿನ ಮೇಲೆ ಕುಳಿತಳು, ತಾಯಿ ಅವಳ ಬೆನ್ನಿಗೆ ಅಂಟಿ ನಿಂತಳು.

“ಏನಾತವಾ?” ಎಂದೆ ಹುಡುಗಿಗೆ.

“ಬಚ್ಚಲದಾಗ ಕಾಲು ಜಾರಿ ಬಿದ್ದಾಳ್ರಿ ಬಾಯಾರ,” ಎಂದಳು ಗುಂಡವ್ವ. ನಮ್ಮ ಕಡೆ ನರ್ಸಿಗೆ ಬಾಯಾರ ಅನ್ನುತ್ತಾರೆ.

“ನಿನ್ನ ಕೇಳಿಲ್ಲ ನಾ. ಆಕೀನ್ನ ಕೇಳಾಕತ್ತೇನಿ.”

“ಆಕಿಗೆ ಕೇಳಸಂಗಿಲ್ಲಲ್ರಿ. ಅದಕ್ಕ ನಾ ಹೇಳಾಕತ್ತೇನಿ.”

ನನಗೆ ಸಿಟ್ಟೂ ಬಂತು, ನಗುವೂ ಬಂತು. ಡಾಕ್ಟರ್ ಮಂಜೂರ್ ಯಂತ್ರದಲ್ಲಿ ಕಣ್ಣಿಟ್ಟು ನೋಡಿ, “ಪೊರಿ ನಡುವ ಹರದೈತಿ,” ಎಂದರು. ಅವರು ಇಂಡಿಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ನನ್ನನ್ನು ಆಪಾ, ಅಂದರೆ ಅಕ್ಕಾ, ಎಂದು ಕರೆಯುತ್ತಾರೆ. ಕೈ ಬಂಗಾರದಂಥದ್ದು. ಬಾಯಿ ಮಾತ್ರ ಕಿವಿಯ ಹೊರಗಿನ ವಿಷಯಕ್ಕೆ ತೆರೆಯುವುದಿಲ್ಲ.

ನಮ್ಮಲ್ಲಿ ಎರಡು ರಿಜಿಸ್ಟರ್ ಇವೆ. ದಿನದ ರಿಜಿಸ್ಟರ್ ಮೇಜಿನ ಮೇಲೆ ಇರುತ್ತದೆ. ಇನ್ನೊಂದು ಪೊಲೀಸ್ ರಿಜಿಸ್ಟರ್. ಹೊಡೆದ ಗಾಯ ಎಂದು ಗೊತ್ತಾದರೆ ಅದರಲ್ಲಿ ಬರೆದು ಠಾಣೆಗೆ ತಿಳಿಸಬೇಕು. ಅದು ಕೆಳಗಿನ ಖಾನೆಯಲ್ಲಿ ಇರುತ್ತದೆ. ಬಯಲಾಟದಲ್ಲಿ ಬಡಿದಾಡಿದ ಗಂಡಸರು, ಹೊಲದ ಬದುವಿಗೆ ಕಲ್ಲು ತೂರಿಕೊಂಡ ಅಣ್ಣತಮ್ಮಂದಿರು ಅದರಲ್ಲಿ ಇದ್ದಾರೆ. ಬಚ್ಚಲದಲ್ಲಿ ಬಿದ್ದವರು ಯಾರೂ ಇಲ್ಲ. ಆ ದಿನವೂ ನಾನು ಮೇಜಿನ ಮೇಲಿನ ರಿಜಿಸ್ಟರಿನಲ್ಲೇ ಬರೆದೆ: ಜಾರಿ ಬಿದ್ದದ್ದು, ಎಡಗಿವಿ.

ಮೊದಲ ಆಪರೇಶನ್ ಆಯಿತು. ಕಿವಿಯ ಮೇಲೆ, ತಲೆಯ ಬದಿಗೆ ಇರುವ ಸ್ನಾಯುವಿನ ಹೊದಿಕೆಯಿಂದ ಒಂದು ತೆಳ್ಳನೆಯ ಪೊರೆ ಬಿಡಿಸಿ, ತೂತಿಗೆ ಒಳಗಿನಿಂದ ಹಚ್ಚುವುದು. ಹೆಚ್ಚಿನವರಿಗೆ ಅಷ್ಟೇ ಸಾಕು. ಶಿವಾನಿಗೂ ಹತ್ತಿತು. ಮೂರು ತಿಂಗಳಿಗೆ ನೋಡಿದಾಗ ಪೊರೆ ಅಖಂಡವಾಗಿ ಕೂತಿತ್ತು.

ಆರನೆಯ ತಿಂಗಳಿಗೆ ತಿರುಗಿ ಬಂದಳು. ಕಿವಿ ಸೋರುತ್ತಿತ್ತು, ವಾಸನೆ ಹಿಡಿದಿತ್ತು. ಡಾಕ್ಟರ್ ನೋಡಿದರು, ತಲೆ ಎತ್ತಿ ನನ್ನ ಮುಖ ನೋಡಿದರು. “ಆಪಾ, ನಾ ಹಚ್ಚಿದ ಪೊರಿ ತಾನಾಗೇ ಹಿಂಗ ಹರಿಯೂದಿಲ್ಲ,” ಎಂದರು. ಅಷ್ಟು ಹೇಳಿ ಮುಂದಿನ ರೋಗಿಯನ್ನು ಕರೆದರು.

ಕಿವಿ ಸ್ವಚ್ಛ ಮಾಡಲು ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋದೆ. ಗುಂಡವ್ವನನ್ನು ಬೇಕೆಂದೇ ಔಷಧಿ ತರಲು ಹೊರಗೆ ಕಳಿಸಿದೆ. ಬಾಗಿಲು ಹಾಕಿ, ಅವಳ ಬಲಗಿವಿಯ ಹತ್ತಿರ ಬಾಯಿ ಇಟ್ಟು ಕೇಳಿದೆ:

“ಯಾರು ಹೊಡದದ್ದು?”

“ಮಾಮಾ.”

“ಯಾವ ಮಾಮಾ? ನಿನ್ನ ಮಾವನಾ?”

“ನನ್ನ ಗಂಡ್ರಿ. ಮೊದಲಿಂದ ಮಾಮಾ ಅಂತಿದ್ನಿ, ಲಗ್ನ ಆದಮ್ಯಾಲೂ ಅದೇ ಬರತೈತಿ ಬಾಯಾಗ.” ಹುಡುಗಿ ನಾಚಿಕೊಂಡಳು. ಇಂಥ ಮಾತಿನಲ್ಲೂ ನಾಚಿಕೊಂಡಳು. “ಅಂವ ಕೆಟ್ಟಾಂವ ಅಲ್ರಿ. ನನ್ನದ ತಪ್ಪೈತಿ. ಕರದ್ರ ಕೇಳಸಂಗಿಲ್ಲ ನನಗ. ಅಂವ ಟ್ರ್ಯಾಕ್ಟರ್ ನಿಲ್ಲಿಸಿ ಅಂಗಳದಿಂದ ಕೂಗತಾನ. ನಾ ಒಲಿ ಮುಂದ ಇರತೇನಿ, ಬಾಗಲಾ ಎಡಕ್ಕ ಬರತೈತಿ. ಎರಡು ಸಲ ಕೂಗತಾನ, ಮೂರು ಸಲ ಕೂಗತಾನ. ಬಂದು, ಸೊಕ್ಕೇನ ನಿಂದು ಅಂತ ಹೊಡಿತಾನ. ಹೊಡದ್ರ ಇನ್ನೂ ಕೇಳಸಂಗಿಲ್ಲ.”

ಅವಳು ಈ ಕಡೆ ತಿರುಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಇದೊಂದು ಕಿವಿ ಚಲೋ ಮಾಡಿ ಕೊಡ್ರಿ ಬಾಯಾರ. ಅಂವ ಕರದದ್ದು ಒಂದೇ ಸಲಕ್ಕ ಕೇಳಿಸಿದ್ರ ಸಾಕು. ಒಂದೇ ಸಲಕ್ಕ ಓ ಅಂದ್ನಿ ಅಂದ್ರ ಹೊಡಿಯೂದಿಲ್ಲ ಅಂವ.”

ಅಯ್ಯೋ ಅಲ್ಲಾ, ಅನಿಸಿತು. ಬೇರೆಯವರು ಹಾಡು ಕೇಳಬೇಕು, ಮಕ್ಕಳ ಮಾತು ಕೇಳಬೇಕು ಎಂದು ಕಿವಿ ಮಾಡಿಸಿಕೊಳ್ಳುತ್ತಾರೆ. ಇವಳಿಗೆ ಬೇಕಾದದ್ದು ಅಂಗಳದಿಂದ ಬರುವ ಆ ಒಂದು ಕೂಗು.

ಗುಂಡವ್ವ ಔಷಧಿ ಹಿಡಿದು ಒಳಗೆ ಬರುವಷ್ಟರಲ್ಲಿ ನಾನು ಕೆಳಗಿನ ಖಾನೆ ಎಳೆದು ಪೊಲೀಸ್ ರಿಜಿಸ್ಟರ್ ಮೇಜಿನ ಮೇಲೆ ಇಟ್ಟಿದ್ದೆ. ಅವಳಿಗೆ ಓದಲು ಬಾರದು. ಆದರೆ ಆ ಕೆಂಪು ರಟ್ಟಿನ ಪುಸ್ತಕ ಪೊಲೀಸರದು ಎಂದು ಗೊತ್ತಾಯಿತು. ಔಷಧಿ ಚೀಲ ಬಿಟ್ಟು ನನ್ನ ಕೈ ಮೇಲೆ ಎರಡೂ ಕೈ ಇಟ್ಟಳು.

“ಬರೀಬ್ಯಾಡ್ರಿ ಬಾಯಾರ. ನಿಮ್ಮ ಕಾಲು ಬೀಳತೇನಿ.”

“ನಿನ್ನ ಮಗಳವಾ ಇಕಿ! ಅಳಿಯನ ಮ್ಯಾಲ ಇಷ್ಟು ಕಕ್ಕುಲಾತಿ ಯಾಕ ನಿನಗ?”

“ಅಳಿಯ ಅಲ್ರಿ ಅಂವ. ನನ್ನ ತಮ್ಮ.” ಗುಂಡವ್ವ ಅಳಲಿಲ್ಲ. ಸುಮ್ಮನೆ ಹೇಳುತ್ತ ಹೋದಳು. “ಅವ್ವ ಸತ್ತಾಗ ಅಂವ ನಾಕು ವರ್ಷದ ಕೂಸು. ಬಗಲಾಗ ಹೊತ್ತು ಬೆಳಸೀನಿ. ಹೊರಗಿನಾಕಿ ಬಂದು ಅವನ್ನ ನನ್ನಿಂದ ಅಗಲಸಬಾರದು ಅಂತ ನನ್ನ ಮಗಳನ್ನ ಕೊಟ್ಟು ಲಗ್ನ ಮಾಡಿದ್ನಿ. ಈಗ ನೀವು ಬರದ್ರ ನನ್ನ ತವರೂ ಹೋತು, ಮಗಳ ಮನೀನೂ ಹೋತು. ಎರಡೂ ಒಂದೇ ಮನಿರಿ. ನಾ ಯಾವ ಬಾಗಲಾ ಬಡೀಲಿ?”

ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದಲ್ಲ. ಬೇರೆ ಹುಡುಗಿಯರಿಗೆ ಗಂಡನ ಮನೆಯಲ್ಲಿ ಕಷ್ಟವಾದರೆ ಅಣ್ಣನನ್ನೋ ಸೋದರಮಾವನನ್ನೋ ಕರೆಸುತ್ತಾರೆ; ಮಾವ ಬಂದು ಹೊಸ್ತಿಲಲ್ಲಿ ನಿಂತು ನಾಲ್ಕು ಜನರೆದುರು ಕೇಳುತ್ತಾನೆ. ಇವಳ ಪರವಾಗಿ ಬಂದು ಕೇಳಬೇಕಾದವನೇ ಹೊಡೆಯುವವನು. ನನಗೆ ರಿಜಿಸ್ಟರ್ ತೆರೆಯಲು ಕೈ ಬರಲಿಲ್ಲ. ತಿರುಗಿ ಖಾನೆಯಲ್ಲಿ ಇಟ್ಟೆ. ಅವಳ ಮಾತಿಗೆ ಕರಗಿ ಇಟ್ಟೆನೋ, ಠಾಣೆಯವರ ಜೊತೆ ಯಾರು ಹೆಣಗಬೇಕು ಎಂದು ಇಟ್ಟೆನೋ, ಈಗ ಕೇಳಬೇಡಿ.

“ಅವನ್ನ ಕರಕೊಂಡು ಬಾ. ಆಪರೇಶನ್ ದಿನ ಅಂವ ಇಲ್ಲಿ ನಿಂದರಬೇಕು,” ಎಂದೆ. ನನ್ನ ತಲೆಯಲ್ಲಿ ಆಗಲೇ ಒಂದು ಉಪಾಯ ಹೊಳೆದಿತ್ತು.

ಗುಂಡವ್ವನ ತಮ್ಮ ಪರಶು ಸೋಮವಾರ ಬಂದ. ಇಂಡಿ ಕಡೆಯ ಫ್ಯಾಕ್ಟರಿಗೆ ಕಬ್ಬು ಹೊರುವ ಟ್ರ್ಯಾಕ್ಟರ್ ಅವನದು. ರಾಕ್ಷಸ ಬರುತ್ತಾನೆ ಎಂದು ಕಾದಿದ್ದೆ. ಬಂದವನು ಗುಜ್ಜಾರಿ, ಗಿಡ್ಡ ಮನುಷ್ಯ, ಹಣೆಗೆ ವಿಭೂತಿ, ಮೆತ್ತಗಿನ ದನಿ. ಚಪ್ಪಲಿ ಹೊರಗೆ ಬಿಟ್ಟು ಕೈ ಮುಗಿದು ಒಳಗೆ ಬಂದ. ಕೈ ಮಾತ್ರ ದೊಡ್ಡವು. ಸ್ಟೇರಿಂಗ್ ಹಿಡಿದು ಹಿಡಿದು ಅಂಗೈ ಒರಟಾಗಿತ್ತು.

ಡಾಕ್ಟರ್ ಅವನಿಗೆ ಚಿತ್ರ ತೋರಿಸಿ ತಿಳಿಸಿದರು. “ಹೋದ ಸಲ ಹಚ್ಚಿದ್ದು ತೆಳ್ಳನ ಪೊರಿ. ಹಾಳಿ ಇದ್ದಂಗ. ಈ ಸಲ ಕಿವಿ ಮುಂದಿನ ಈ ಗುಬಟಿನಿಂದ ಮೆದು ಎಲುಬು ತೆಗೆದು, ಅದನ್ನ ತೆಳ್ಳಗ ಕೊಯ್ದು ಹಚ್ಚತೇನಿ. ಇದು ರಟ್ಟು ಇದ್ದಂಗ. ಸುಕ್ಕಾಗೂದಿಲ್ಲ, ಕರಗೂದಿಲ್ಲ.”

ಪರಶು ಮುಂದೆ ಬಾಗಿ ಲಕ್ಷ್ಯ ಕೊಟ್ಟು ಕೇಳಿದ. “ಗಟ್ಟಿ ಇರತೈತೇನ್ರಿ ಸಾಹೇಬ್ರ?”

“ಮೊದಲಿನದಕ್ಕಿಂತ ಗಟ್ಟಿ.”

“ಮತ್ತ ಒಡಿಯೂದಿಲ್ಲಲ್ರಿ?”

ಟಾಯರಿಗೆ ತ್ಯಾಪಿ ಹಾಕಿಸುವವನು ಕೇಳಿದ ಹಾಗೆ ಕೇಳಿದ. ನನ್ನ ಮೈಯೆಲ್ಲ ಉರಿಯಿತು. “ಒಡಿಯಾಕ ಅದೇನು ಗಡಿಗಿಯೇನಪಾ? ಯಾರರ ಒಡದ್ರ ಒಡಿತೈತಿ,” ಎಂದೆ. ಡಾಕ್ಟರ್ ನನ್ನತ್ತ ಕಣ್ಣು ಬಿಟ್ಟರು. ಪರಶು ತಲೆ ತಗ್ಗಿಸಿ ಕಾಗದಕ್ಕೆ ಸಹಿ ಮಾಡಿದ.

ಆಮೇಲೆ ನನ್ನ ಉಪಾಯಕ್ಕೆ ಬಂದೆ. ಶಿವಾನಿ ಆಪರೇಶನ್ನಿನ ಹಸಿರು ಅಂಗಿ ತೊಟ್ಟು, ಎಡಗಿವಿಯ ಹಿಂದಿನ ಕೂದಲು ಬೋಳಿಸಿಕೊಂಡು, ಮಂಚದ ಮೇಲೆ ಕೂತಿದ್ದಳು. ಗುಂಡವ್ವನ ಚೀಲದಲ್ಲಿ ಮನೆದೇವರ ಮುಂದಿನ ವಿಭೂತಿ ಗಟ್ಟಿ ಇರುತ್ತದೆ ಎಂದು ನನಗೆ ಗೊತ್ತು. ಆಪರೇಶನ್ನಿಗೆ ಬರುವವರೆಲ್ಲ ತರುತ್ತಾರೆ. ಅದನ್ನು ತೆಗೆಸಿದೆ. ಒಂದು ಸ್ಟೀಲ್ ತಟ್ಟೆಯಲ್ಲಿ ಇಡಿಸಿದೆ. ಪರಶುವನ್ನು ಮುಂದೆ ನಿಲ್ಲಿಸಿದೆ. ನಾನು ಮುಸಲ್ಮಾನಳು, ಆದರೆ ಆಣೆ ಎಂದರೆ ಈ ನೆಲದಲ್ಲಿ ಏನು ಎಂದು ಹುಟ್ಟಿದಾಗಿನಿಂದ ನೋಡಿದ್ದೇನೆ. ಕೋರ್ಟಿನಲ್ಲಿ ನಗುನಗುತ್ತ ಸುಳ್ಳು ಹೇಳಿದವರು ವಿಭೂತಿ ಮುಟ್ಟಿ ಹೇಳು ಎಂದರೆ ಬೆವರುತ್ತಾರೆ. ಗುಂಡವ್ವನ ಊರಿನಲ್ಲೇ ಬದುವಿನ ಜಗಳದಲ್ಲಿ ಸುಳ್ಳು ಆಣೆ ಮಾಡಿದ ಒಬ್ಬನ ಬಲಗೈ ವರ್ಷದೊಳಗೆ ಸೇದಿಹೋಗಿ ಒಣಕಟ್ಟಿಗೆಯಾಗಿತ್ತಂತೆ, ಅನ್ನ ಕಲಸಲೂ ಬಾರದಂತೆ. ಪರಶುವಿಗೆ ಆ ಮನುಷ್ಯ ಗೊತ್ತು. ಟ್ರ್ಯಾಕ್ಟರ್ ಓಡಿಸುವವನಿಗೆ ಕೈ ಹೋದರೆ ಉಳಿಯುವುದು ಏನು?

“ಬಲಗೈ ಇಡಪಾ ಇದರ ಮ್ಯಾಲ,” ಎಂದೆ.

ಇಟ್ಟ. ನನಗೆ ಒಳಗೊಳಗೇ ಖುಷಿ.

“ನನ್ನ ಹಿಂದ ಹೇಳು. ಇವತ್ತಿನಿಂದ ಈ ಎಡಗಿವಿಗೆ ನಾ ಕೈ ಹಚ್ಚೂದಿಲ್ಲ.”

“ಇವತ್ತಿನಿಂದ ಈ ಎಡಗಿವಿಗೆ ನಾ ಕೈ ಹಚ್ಚೂದಿಲ್ಲ.”

“ಹಚ್ಚಿದ್ರ ಈ ಕೈ ಸೇದಿಹೋಗಲಿ.”

“ಹಚ್ಚಿದ್ರ ಈ ಕೈ ಸೇದಿಹೋಗಲಿ.”

ಗುಂಡವ್ವ ತಮ್ಮನ ಹಣೆಗೂ ಮಗಳ ಹಣೆಗೂ ವಿಭೂತಿ ಹಚ್ಚಿ, ನನ್ನ ಗದ್ದ ಹಿಡಿದು ಮುದ್ದಿಟ್ಟಳು. ಶಿವಾನಿ ಏನೋ ಹೇಳಲು ಬಾಯಿ ತೆರೆದಳು. ಉಪಕಾರ ಹೇಳುತ್ತಾಳೆ ಎಂದುಕೊಂಡೆ. ಸುಮ್ಮನಿರು, ಎಲ್ಲ ಸರಿ ಹೋಯಿತು ಎಂದು ಹೇಳಿ ಒಳಗೆ ಕರೆದುಕೊಂಡು ಹೋದೆ.

ಈ ಆಪರೇಶನ್ನಿಗೆ ಪೂರ್ತಿ ನಿದ್ದೆ ಬರಿಸುವುದಿಲ್ಲ, ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ. ಬಟ್ಟೆಯ ಕೆಳಗೆ ಅವಳು ಎಚ್ಚರವಾಗಿದ್ದಳು. ಡಾಕ್ಟರ್ ಕಿವಿಯ ತೂತಿನ ಮುಂದಿನ ಗುಬಟಿನ ಒಳಮೈಯನ್ನು ಕೊಯ್ದು ಮೆದು ಎಲುಬಿನ ಒಂದು ತುಂಡು ತೆಗೆದರು. ಎಳೆ ಕೊಬ್ಬರಿಯ ಚೂರಿನಂತೆ ಬೆಳ್ಳಗಿತ್ತು, ಬೆರಳಿನ ಉಗುರಿನಷ್ಟೂ ಇರಲಿಲ್ಲ. ಅದನ್ನು ಬ್ಲೇಡಿನಿಂದ ಸೀಳಿ ಸೀಳಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗೆ ಮಾಡಿದರು. ಇಪ್ಪತ್ತೆರಡು ವರ್ಷ ನೋಡಿದ್ದೇನೆ, ಆದರೂ ಆ ಕೆಲಸ ನೋಡುವಾಗ ನಾನು ಉಸಿರು ಬಿಗಿಹಿಡಿಯುತ್ತೇನೆ. ಬೇರೆಯವರ ಎಲುಬಲ್ಲ, ಪ್ಲಾಸ್ಟಿಕ್ ಅಲ್ಲ. ಅವಳದನ್ನೇ ತೆಗೆದು ಅವಳಿಗೇ ಹಚ್ಚುವುದು.

ಚೂರನ್ನು ಹರಿದ ಪೊರೆಯ ಕೆಳಗೆ ಸರಿಸಿ ಕೂರಿಸಿದ ಗಳಿಗೆಗೆ ನಾನು ಚಿಮಟಿಗೆಯನ್ನು ತಟ್ಟೆಯಲ್ಲಿ ಇಟ್ಟೆ. ಬಟ್ಟೆಯ ಕೆಳಗಿನಿಂದ ದನಿ ಬಂತು.

“ಬಾಯಾರ, ಏನೋ ಠಣ್ ಅಂತು. ಎಡಕ್ಕ ಕೇಳಿಸ್ತು.”

“ಕೇಳಿಸ್ತೇನವಾ?” ಎಂದರು ಡಾಕ್ಟರ್. ಮುಸುಕಿನ ಹಿಂದೆ ನಕ್ಕದ್ದು ಕಣ್ಣಲ್ಲಿ ಕಂಡಿತು. ನಾನು ಬೇಕೆಂದೇ ಇನ್ನೊಂದು ಸಲ ಚಿಮಟಿಗೆ ಎತ್ತಿ ಇಟ್ಟೆ. “ಹೌದ್ರಿ,” ಎಂದಳು. ಆಮೇಲೆ ಕಿವಿಯೊಳಗೆ ಔಷಧಿಯ ಸ್ಪಂಜು ತುಂಬಿದೆವು, ತಲೆ ಸುತ್ತ ಪಟ್ಟಿ ಬಿಗಿದೆವು, ಎಲ್ಲ ಮತ್ತೆ ಮಂಕಾಯಿತು.

ಮನೆಗೆ ಕಳಿಸುವಾಗ ನಾನು ಪರಶುವನ್ನೇ ಕೂರಿಸಿಕೊಂಡು ಪಾಠ ಹೇಳಿದೆ. ಕಿವಿಗೆ ನೀರು ಬೀಳಬಾರದು. ಮೂಗು ಜೋರಾಗಿ ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಎರಡು ತಿಂಗಳು ತಲೆಯ ಮೇಲೆ ಕೊಡ ಹೊರಬಾರದು. ಅವನು ಹೂಂ ಹೂಂ ಎಂದು ಕೇಳಿದ, ಫೋನಿನಲ್ಲಿ ನನ್ನ ಮಾತು ತುಂಬಿಕೊಂಡ. ಮನೆಯಲ್ಲಿ ಆ ಕಿವಿಯನ್ನು ಹೇಗೆ ನೋಡಿಕೊಂಡರು ಎಂದು ಗುಂಡವ್ವ ಪ್ರತಿ ಸಲ ಬಂದಾಗಲೂ ವರದಿ ಒಪ್ಪಿಸುತ್ತಿದ್ದಳು. ತಮ್ಮ ತಾನೇ ನೀರು ತುಂಬುತ್ತಾನೆ. ಅವಳು ತಲೆಗೆ ನೀರು ಹಾಕಿಕೊಳ್ಳುವ ದಿನ ತಾನೇ ಹತ್ತಿಗೆ ಎಣ್ಣೆ ಹಚ್ಚಿ ಕಿವಿಗೆ ಇಡುತ್ತಾನೆ. ಬಸ್ಸಿನಲ್ಲಿ ಅವಳನ್ನು ಕಿಟಕಿಗೆ ಕೂರಿಸಿ, ಎಡಗಡೆ ಯಾರೂ ತಾಗದ ಹಾಗೆ ತಾನು ಕೂರುತ್ತಾನೆ. ಕೇಳಿ ಕೇಳಿ ನನಗೆ ಹೆಮ್ಮೆ. ಮನೆಗೆ ಹೋಗಿ ನನ್ನ ಗಂಡ ಜೈನುದ್ದೀನನಿಗೆ, “ಠಾಣೆಯವರು ಹತ್ತು ವರ್ಷಕ್ಕ ಮಾಡದ್ದನ್ನ ನಾ ಒಂದು ವಿಭೂತಿ ಗಟ್ಟಿಯಿಂದ ಮಾಡೇನಿ ನೋಡ್ರಿ,” ಎಂದು ಕೊಚ್ಚಿಕೊಂಡೆ.

ಮೂರನೆಯ ತಿಂಗಳಿಗೆ ಪರೀಕ್ಷೆ. ಡಬ್ಬಿಯಂಥ ಕೋಣೆಯೊಳಗೆ ಕೂರಿಸಿ, ಕಿವಿಗೆ ಯಂತ್ರ ಹಚ್ಚಿ, ಸಣ್ಣ ಸದ್ದು ಬಂದಾಗಲೆಲ್ಲ ಗುಂಡಿ ಒತ್ತು ಎಂದೆ. ಗಾಜಿನ ಆಚೆಯಿಂದ ಅವಳ ಬೆರಳನ್ನೇ ನೋಡುತ್ತಿದ್ದೆ. ಒತ್ತಿದಳು. ಇನ್ನೂ ಸಣ್ಣ ಸದ್ದಿಗೂ ಒತ್ತಿದಳು. ಬಲಗಿವಿಗಿಂತ ಒಂದಿಷ್ಟು ಕಮ್ಮಿ, ಅಷ್ಟೇ. ಹೊರಗೆ ಬಂದ ಮೇಲೆ ಬಲಗಿವಿ ಮುಚ್ಚಿಸಿ, ಅವಳ ಹಿಂದೆ ಹತ್ತು ಹೆಜ್ಜೆ ಹೋಗಿ ನಿಂತು, ಮೆಲ್ಲಗೆ “ಶಿವಾನಿ” ಎಂದೆ.

“ಓ,” ಎಂದಳು. ಒಂದೇ ಸಲಕ್ಕೆ. ತಿರುಗಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲಲ್ಲಿ ಪರಶು ಕೈ ಕಟ್ಟಿ ನಿಂತಿದ್ದ, ಅವನೂ ನಕ್ಕ.

ಅವರು ಬಸ್ಸಿಗೆ ಹೋದ ಮೇಲೆ ಡಾಕ್ಟರ್, “ಚಲೋ ಆತು ಆಪಾ,” ಎಂದರು. ನಾನು, “ನಿಮ್ಮ ಕೈ, ನನ್ನ ಬಾಯಿ,” ಎಂದೆ. ಇಬ್ಬರೂ ಚಹಾ ಕುಡಿದೆವು.

ಎಂಟು ತಿಂಗಳು ಕಳೆದವು. ಈ ವರ್ಷದ ಕಬ್ಬಿನ ಹಂಗಾಮು ಮುಗಿಯುವ ಹೊತ್ತು, ಬಿಸಿಲು ಏರಿತ್ತು. ಹನ್ನೊಂದರ ಸುಮಾರಿಗೆ ಆಲಮೇಲದ ಬಸ್ಸಿನಿಂದ ಇಳಿದವರ ಗುಂಪಿನಲ್ಲಿ ಗುಂಡವ್ವ, ಶಿವಾನಿ ಕಂಡರು. ಪರಶು ಇರಲಿಲ್ಲ. ಶಿವಾನಿ ಸೆರಗನ್ನು ಮುಖದ ಬಲಗಡೆಗೆ ಎಳೆದು ಹಿಡಿದಿದ್ದಳು. ನನ್ನನ್ನು ನೋಡಿದ ಕೂಡಲೇ ಗುಂಡವ್ವ, ನಾನು ಕೇಳುವ ಮೊದಲೇ, ಓಡಿ ಬಂದವಳ ಹಾಗೆ ಹೇಳಿದಳು:

“ಆ ಕಿವಿ ಮುಟ್ಟಿಲ್ರಿ ಬಾಯಾರ. ದೇವರಾಣಿಗೂ ಮುಟ್ಟಿಲ್ಲ. ನನ್ನ ತಮ್ಮ ಆಣಿ ತಪ್ಪಿಲ್ಲ.”

ಅವಳ ದನಿಯಲ್ಲಿ ಅಂಜಿಕೆ ಇತ್ತು, ಅದರ ಜೊತೆಗೆ ಒಂದಿಷ್ಟು ಅಭಿಮಾನವೂ ಇತ್ತು.

ಸೆರಗು ಸರಿಸಿದೆ. ಬಲ ಕೆನ್ನೆ ಬಾತಿತ್ತು. ಬಲಗಿವಿಯ ತೂತಿನಲ್ಲಿ ರಕ್ತ ಒಣಗಿ ಕರ್ರಗಾಗಿತ್ತು. ಡಾಕ್ಟರ್ ಮೊದಲು ಎಡಗಿವಿ ನೋಡಿದರು. ಅಭ್ಯಾಸ, ತನ್ನ ಕೆಲಸ ಹೇಗಿದೆ ಎಂದು ಯಾರಾದರೂ ನೋಡುತ್ತಾರೆ. ನನಗೂ ಯಂತ್ರದಲ್ಲಿ ತೋರಿಸಿದರು. ಎಷ್ಟು ಚೆಂದ ಕೂತಿತ್ತು ಆ ಚೂರು! ಬೆಳ್ಳಗೆ, ಸಮವಾಗಿ, ಒಂದು ಸೀಳಿಲ್ಲದೆ. ಪುಸ್ತಕದಲ್ಲಿ ಹಾಕುವಂತಿತ್ತು. ಆಮೇಲೆ ಬಲಗಿವಿ. ಪೊರೆ ಅರ್ಧಕ್ಕೂ ಹೆಚ್ಚು ಹರಿದು ಒಳಗೆ ಮಡಚಿಕೊಂಡಿತ್ತು.

ಡಾಕ್ಟರ್ ಬಡಿದರೆ ಗುಂಯ್‌ಗುಡುವ ಉಕ್ಕಿನ ಕವಲುಕೋಲನ್ನು ಮೊಣಕೈಗೆ ಬಡಿದು ಅವಳ ನಡುಹಣೆಗೆ ಇಟ್ಟರು. “ಸದ್ದು ಯಾವ ಕಡೆ ಬರತೈತವಾ?” ಪೊರೆ ಮಾತ್ರ ಹರಿದಿದ್ದರೆ ಸದ್ದು ಹರಿದ ಕಿವಿಯ ಕಡೆಗೇ ಕೇಳಬೇಕು. ಅವಳು ಎಡಗಡೆ ಕೈ ತೋರಿಸಿದಳು. ಇನ್ನೊಂದು ಸಲ ಬಡಿದು ಇಟ್ಟರು. ಮತ್ತೆ ಎಡಗಡೆ. ಡಾಕ್ಟರ್ ಕೋಲನ್ನು ತಟ್ಟೆಯಲ್ಲಿ ಇಟ್ಟು ನನ್ನತ್ತ ತಿರುಗಿದರು, ದನಿ ತಗ್ಗಿಸಿದರು.

“ಒಳಗಿನ ನರಕ್ಕ ಪೆಟ್ಟು ಬಿದ್ದೈತಿ ಆಪಾ. ಔಷಧ ಕೊಟ್ಟು ನೋಡೂಣು. ಪೊರಿ ಆದ್ರ ನಾ ಮತ್ತ ಹಚ್ಚಬಲ್ಲೆ, ಬಲಗಡೆ ಗುಬಟಿನಾಗೂ ಎಲುಬೈತಿ. ನರಕ್ಕ ತ್ಯಾಪಿ ಇಲ್ಲ.”

ತಗ್ಗಿಸಿ ಹೇಳಿದರೂ ಶಿವಾನಿಗೆ ಕೇಳಿಸಿತು. ಎಡಗಿವಿ ಈ ಕಡೆಗೇ ಇತ್ತು. ನಾವೇ ಮಾಡಿಕೊಟ್ಟ ಕಿವಿ.

ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋದೆ. ಈ ಸಲ ಗುಂಡವ್ವನನ್ನು ಹೊರಗೆ ಕಳಿಸಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದಳು, ನಿಲ್ಲಲಿ ಎಂದು ಬಿಟ್ಟೆ.

“ಕರದದ್ದು ಕೇಳಿಸಲಿಲ್ಲೇನ ತಂಗಿ?” ಎಂದೆ.

“ಒಂದೇ ಸಲಕ್ಕ ಕೇಳಸ್ತಿತ್ರಿ. ಎಂಟು ತಿಂಗಳು ಒಂದೇ ಸಲಕ್ಕ ಓ ಅಂದೀನಿ.” ಶಿವಾನಿ ನೆಲ ನೋಡುತ್ತ ಹೇಳಿದಳು. “ಮೊನ್ನೆ ಅಂವ ಹಿತ್ತಲದಾಗ ಫೋನಿನಾಗ ಮಾತಾಡಾಕತ್ತಿದ್ದ. ಸಣ್ಣ ದನಿಲೆ. ಇಕಿ ಕಿವುಡಿ, ಇಕಿಗೆ ಮಕ್ಕಳೂ ಆಗವೊಲ್ವು, ಇನ್ನೊಂದು ಲಗ್ನ ಆಗತೇನಿ, ಚಡಚಣ ಕಡೆ ಹೆಣ್ಣು ನೋಡ್ರಿ ಅಂತ ಹೇಳಾಕತ್ತಿದ್ದ. ನನಗ ಎಲ್ಲಾ ಕೇಳಿಸ್ತು. ಹೋಗಿ, ನಾ ಕಿವುಡಿ ಅಲ್ಲ ಮಾಮಾ ಅಂದ್ನಿ.”

“ಮುಂದ?”

“ಈಗ ಭಾಳ ಕೇಳಸಾಕತ್ತೈತೇನ ನಿನಗ ಅಂದಾ.” ಅವಳು ತನ್ನ ಬಲಗೈ ಎತ್ತಿ ತೋರಿಸಿದಳು. “ಬಲಗೈ ಎತ್ತಿದ್ದ್ರಿ. ಎತ್ತಿದಾಂವ ತಡದಾ. ಬಲಗೈ ಹಿಂದ ತಗೊಂಡು, ಬೆನ್ನಿಗೆ ಒತ್ತಿ ಹಿಡಕೊಂಡಾ. ಆಮ್ಯಾಲ ಎಡಗೈಲೆ ಹೊಡದಾ. ಮೂರು ಸಲ.”

ಬೆನ್ನ ಹಿಂದೆ ಒತ್ತಿ ಹಿಡಿದ ಆ ಬಲಗೈ ಕಣ್ಣಿಗೆ ಕಟ್ಟಿತು. ಸಿಟ್ಟಿನಲ್ಲಿ ಕುರುಡಾಗಿ ಹೊಡೆದವನಲ್ಲ ಅವನು. ನಡುವೆ ನಿಂತು, ನಾನು ಹೇಳಿಸಿದ ಮಾತನ್ನು ನೆನಪಿಸಿಕೊಂಡು, ಅದರಂತೆ ನಡೆದು ಹೊಡೆದವನು. ಅವತ್ತು ವಿಭೂತಿ ಮುಂದೆ ಇಟ್ಟು ನಾನು ಯಾರ ಸಲುವಾಗಿ ಆಣೆ ಹಾಕಿಸಿದೆ? ಇವಳ ಸಲುವಾಗಿ ಅಲ್ಲ. ನಮ್ಮ ಡಾಕ್ಟರು ಹಚ್ಚಲಿರುವ ಒಂದು ಚೂರು ಎಲುಬಿನ ಸಲುವಾಗಿ. ಇವಳ ಮೈಗೆ ಕೈ ಹಚ್ಚುವುದಿಲ್ಲ ಎನ್ನು ಅಂದಿದ್ದರೆ ಒಂದೇ ಶಬ್ದದ ಫರಕು. ಅದು ನನ್ನ ಬಾಯಿಗೆ ಬರಲೇ ಇಲ್ಲ. ಥೂ ನನ್ನ ಬಾಯಿಗೆ.

ಮೇಜಿಗೆ ಬಂದು ಕೆಳಗಿನ ಖಾನೆ ಎಳೆದೆ. ಗುಂಡವ್ವ ಓಡಿ ಬಂದು ಮೊದಲಿನ ಹಾಗೇ ಎರಡೂ ಕೈ ನನ್ನ ಕೈ ಮೇಲೆ ಇಟ್ಟಳು.

“ಬಾಯಾರ, ಇನ್ನೊಂದು ಸಲ ಆಣಿ ಮಾಡಸೂಣ್ರಿ. ಈ ಕಿವೀದೂ ಮಾಡಸೂಣು. ವಿಭೂತಿ ತಂದೀನಿ.”

ತಂದಿದ್ದಳು. ಚೀಲದಿಂದ ತೆಗೆದು ನನ್ನ ಮುಂದೆ ಹಿಡಿದಳು. ಅವಳ ಮೇಲೆ ಕೂಗಾಡಬೇಕು ಎಂದು ಬಾಯಿ ತೆರೆದೆ. ಈ ದಾರಿ ಅವಳಿಗೆ ಕಲಿಸಿದವಳು ನಾನು, ಏನು ಕೂಗಾಡಲಿ? ಅವಳ ಕೈ ಬಿಡಿಸಿ ಪಕ್ಕಕ್ಕೆ ಇಟ್ಟೆ.

ಪೊಲೀಸ್ ರಿಜಿಸ್ಟರ್ ತೆರೆದೆ. ಪೆನ್ನು ತೆಗೆದೆ. ಶಿವಾನಿ ಒಳಕೋಣೆಯಿಂದ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ಎಡಗಿವಿ ನನ್ನ ಕಡೆ ಮಾಡಿ ಕೂತಳು.

“ಏನಂತ ಬರೀಲಿ ತಂಗಿ? ನೀನೇ ಹೇಳಬೇಕು.”

“ಬಚ್ಚಲ...” ಎಂದಳು ಗುಂಡವ್ವ.

“ಬಚ್ಚಲ ಅಲ್ಲ ಯವ್ವಾ,” ಎಂದಳು ಶಿವಾನಿ. ತಾಯಿಯ ಕಡೆ ತಿರುಗಲಿಲ್ಲ. “ಬರೀರಿ ಬಾಯಾರ. ಹೊಡದಾಂವ ಪರಶು. ನನ್ನ ಗಂಡ. ನನ್ನ ಸೋದರಮಾವ.”

ಗುಂಡವ್ವ ವಿಭೂತಿ ಗಟ್ಟಿ ಹಿಡಿದುಕೊಂಡೇ ಗೋಡೆಗೆ ಕುಸಿದು ಕೂತಳು. “ಎರಡೂ ಮನಿ ಮುಳುಗಿದ್ವು,” ಎಂದಳು.

ನಾನು ಬರೆದೆ. ಹೊಡೆದವನ ಹೆಸರು, ಸಂಬಂಧ, ದಿನ, ಯಾವ ಕೈ, ಎಷ್ಟು ಸಲ. ಬಲಗಿವಿ ಎಂದು ಬರೆದು, ಎಡಗಿವಿಯ ಎರಡು ಹಳೆಯ ಗಾಯಗಳನ್ನೂ, ಜಾರಿ ಬಿದ್ದದ್ದು ಎಂದು ನಾನು ಸುಳ್ಳು ಬರೆದ ತಾರೀಖನ್ನೂ ಬರೆದೆ. ಸಾಲು ಮುಗಿಸಿ, “ಮತ್ತೇನರ ಐತೇನವಾ?” ಎಂದೆ.

ಶಿವಾನಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಆಣಿ ಮಾಡಿಸಿದ ದಿನ ನಾ ಬಾಯಿ ತಗದಿದ್ನಿರಿ. ಇನ್ನೊಂದು ಕಿವಿ ಐತಲ್ರಿ ಬಾಯಾರ ಅನ್ನಾಕ. ನೀವು ಸುಮ್ಮನಿರು ಅಂದ್ರಿ. ಯಾವ ಕಿವಿ ಬಿಡಬೇಕು ಅಂತ ಅವನಿಗೆ ಹೇಳಿಕೊಟ್ಟಾಕಿ ನೀವು. ಅದನ್ನೂ ಬರೀರಿ.”

ಅದನ್ನೂ ಬರೆದೆ. ಕೆಳಗೆ ನನ್ನ ಹೆಸರು ಹಾಕಿ, ರಿಜಿಸ್ಟರನ್ನು ಖಾನೆಯಲ್ಲಿ ಇಡದೆ, ಫೋನ್ ಎತ್ತಿ ಠಾಣೆಗೆ ಹಚ್ಚಿದೆ.